ಅರಕೇರಿಯಾ ಕೆಂಪಾಗ್ತಿದೆಯಾ? ನೀರು ಹಾಕೋ ಮುಂಚೆ ಪಾಟ್ ಎತ್ತಿ ನೋಡಿ

ಒಂದೇ ದಿನ, ಒಂದೇ ನರ್ಸರಿಯಿಂದ ಎರಡು ಅರಕೇರಿಯಾ ಗಿಡ ತಂದಿದ್ದೆ. ಒಂದು ಹೊಸನಗರದ ಹತ್ತಿರ ಇರುವ ನಮ್ಮ ಮನೆಗೆ. ಇನ್ನೊಂದು ಶಿವಮೊಗ್ಗದ ವಿನೋಬನಗರದಲ್ಲಿ ಅಕ್ಕನ ಮನೆ ತಾರಸಿಗೆ. ಎರಡೂ ಮೊಣಕಾಲೆತ್ತರ. ಎರಡಕ್ಕೂ ಐದೈದು ಸುತ್ತು ಕೊಂಬೆ. ಚೌತಿ ಹಬ್ಬದ ಹೊತ್ತಿಗೆ ನಮ್ಮ ಗಿಡ ಕೆಳಗಿನ ಸುತ್ತಿನಿಂದ ಕೆಂಪಾಗುತ್ತಾ ಬಂತು. ಯುಗಾದಿ ಹೊತ್ತಿಗೆ ಅಕ್ಕ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ನೋಡಿದರೆ ನಮ್ಮ ಗಿಡದ್ದೇ ಫೋಟೋ ಅನ್ನಬೇಕು, ಹಾಗಿತ್ತು.

"ಎಂತಾ ಮಾರಾಯ ಇದು, ನೀರು ಕಮ್ಮಿ ಆಯ್ತಾ?" ಅಂತ ಕೇಳಿದಳು.

ನಮ್ಮ ಗಿಡ ನೀರು ಜಾಸ್ತಿಯಾಗಿ ಸತ್ತಿತ್ತು. ಹಾಗಾಗಿ ನಾನು ದೊಡ್ಡ ಪಂಡಿತನ ಹಾಗೆ "ನೀರು ನಿಲ್ಲಿಸು ಅಕ್ಕ, ಬೇರು ಕೊಳೀತಾ ಇದೆ" ಅಂದೆ. ಅವಳು ನಿಲ್ಲಿಸಿದಳು. ಹತ್ತು ದಿನದಲ್ಲಿ ಇನ್ನೊಂದು ಸುತ್ತು ಕೆಂಪಾಯಿತು. ಅಲ್ಲಿ ಆಗಿದ್ದು ಪೂರ್ತಿ ಉಲ್ಟಾ. ಬೇರಿಗೆ ಎರಡು ತಿಂಗಳಿಂದ ನೀರೇ ಸಿಕ್ಕಿರಲಿಲ್ಲ, ಅದೂ ಅವಳು ದಿನಾ ನೀರು ಹಾಕುತ್ತಿದ್ದರೂ.

ಈ ಗಿಡದ ಜೊತೆ ತಾಪತ್ರಯವೇ ಇದು. ಕೊಳೆತರೂ ಅದೇ ಕೆಂಪು, ಒಣಗಿದರೂ ಅದೇ ಕೆಂಪು.

ಇದು ಯಾವ ಗಿಡ ಅಂತ ಗೊತ್ತಾಗದವರಿಗೆ ಒಂದು ಮಾತು. ನರ್ಸರಿಯವರು ಇದನ್ನು ಕ್ರಿಸ್ಮಸ್ ಗಿಡ ಅಂತಲೂ ಮಾರುತ್ತಾರೆ. ನಡುವೆ ನೆಟ್ಟಗೆ ಒಂದು ಕಾಂಡ. ಛತ್ರಿ ಕಡ್ಡಿಯ ಹಾಗೆ ಸುತ್ತಲೂ ಕೊಂಬೆ. ಮೇಲೆ ಸ್ವಲ್ಪ ಜಾಗ ಬಿಟ್ಟು ಮತ್ತೊಂದು ಸುತ್ತು. ಪೈನ್ ಅಂತ ಕರೆದರೂ ಹಿಮಾಲಯದ ಪೈನ್ ಜಾತಿಯದ್ದಲ್ಲ, ಇದರ ಕುಟುಂಬವೇ ಬೇರೆ. ನಮ್ಮಲ್ಲಿ ಸಿಗುವುದು ಎರಡು ಬಗೆ. ಒಂದು ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪದ್ದು. ಆ ದ್ವೀಪದ ಬಾವುಟದಲ್ಲೂ ಇದೇ ಮರ ಇದೆ. ಇನ್ನೊಂದು ನ್ಯೂ ಕ್ಯಾಲಿಡೋನಿಯಾದ ಕುಕ್ ಪೈನ್. 1774ರಲ್ಲಿ ಆ ಕಡೆ ಹಡಗಿನಲ್ಲಿ ಹೋದ ಜೇಮ್ಸ್ ಕುಕ್‌ನ ಹೆಸರೇ ಅದಕ್ಕೆ. ಸಣ್ಣ ಗಿಡದಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ನಾರ್ಫೋಕ್ ಅಂತ ಮಾರುವುದರಲ್ಲಿ ಕುಕ್ ಪೈನೇ ಜಾಸ್ತಿ. ನಮ್ಮ ಕಡೆ ಗಾಳಿ ಮರವನ್ನೂ ಇದರ ಜಾತಿ ಅಂದುಕೊಳ್ಳುವವರಿದ್ದಾರೆ. ಗಾಳಿ ಮರ ಹೂ ಬಿಡುವ ಮರ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅರಕೇರಿಯಾ ಕೋನಿಫರ್, ಅಂದರೆ ಹೂವಿನ ಬದಲು ಶಂಕು ಬಿಡುವ ಗುಂಪಿನ ಮರ. ಇಡೀ ದಕ್ಷಿಣ ಭಾರತದ ಕಾಡಲ್ಲಿ ತಾನಾಗಿ ಬೆಳೆಯುವ ಕೋನಿಫರ್ ಒಂದೇ ಒಂದು. ಅದೂ ಪಶ್ಚಿಮ ಘಟ್ಟದ ದಕ್ಷಿಣದ ತುದಿಯ ಕಡೆ. ಹಾಗಾಗಿ ಈ ಜಾತಿ ಗಿಡದ ಕಾಯಿಲೆ ನಮಗೆ ರೂಢಿ ಇಲ್ಲ. ಅಡಿಕೆ ಮರದ ಸೋಗೆ ನೋಡಿ ಕಾಯಿಲೆ ಹೇಳುವ ಜನ ಇದರ ಮುಂದೆ ತಲೆ ಕೆರೆದುಕೊಳ್ಳುತ್ತೇವೆ.

ಕೆಂಪು ಕಾಣೋದು ತಡ

ದಾಸವಾಳಕ್ಕೆ ನೀರು ತಪ್ಪಿದರೆ ಸಂಜೆಯೊಳಗೆ ಎಲೆ ಜೋತು ಬೀಳುತ್ತದೆ. ಅರಕೇರಿಯಾ ಹಾಗಲ್ಲ. ಅದರ ಎಲೆ ಸಣ್ಣದು, ಗಟ್ಟಿ, ಮೇಣದಂಥ ಸಿಪ್ಪೆ. ಒಮ್ಮೆ ನಮ್ಮ ಗಿಡದ ಹಸಿರು ಕೊಂಬೆಯೊಂದು ಮುರಿಯಿತು. ಮಗಳು ಅದನ್ನು ಟೀವಿ ಮೇಲೆ ಸುಮ್ನೆ ಇಟ್ಟಿದ್ದಳು. ನೀರಿಲ್ಲ, ಏನಿಲ್ಲ. ಎರಡು ವಾರ ಕಳೆದರೂ ಹಸಿರಾಗೇ ಇತ್ತು. ಬೇರು ಸತ್ತ ಗಿಡವೂ ಹೀಗೇ ವಾರಗಟ್ಟಲೆ ಹಸಿರಾಗಿ ನಿಂತಿರುತ್ತದೆ.

ಅಂದರೆ ಇವತ್ತು ಕಂಡ ಕೆಂಪಿಗೆ ಕಾರಣ ಈ ವಾರದ್ದಲ್ಲ. ಒಂದರಿಂದ ಎರಡು ತಿಂಗಳು ಹಿಂದೆ ಹೋಗಿ. ಆಗ ಏನು ಬದಲಾಯಿತು? ಪಾಟ್ ಜಾಗ ಬದಲಿಸಿದ್ರಾ? ಮಣ್ಣು ಬದಲಿಸಿದ್ರಾ? ಊರಿಗೆ ಹೋಗಿ ವಾರ ಬಿಟ್ಟು ಬಂದ್ರಾ? ಗೊಬ್ಬರ ಹಾಕಿದ್ರಾ? ಕ್ಯಾಲೆಂಡರ್ ತೆಗೆದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನರ್ಧಕ್ಕೆ ಪಾಟ್ ಎತ್ತಬೇಕು. ನೀರು ಕುಡಿದ ಪಾಟ್ ಎಷ್ಟು ಭಾರ ಇರುತ್ತದೆ ಅಂತ ಒಮ್ಮೆ ಎತ್ತಿ ಅಂದಾಜು ಮಾಡಿಕೊಂಡರೆ ಆಮೇಲೆ ಕೈಯೇ ಹೇಳುತ್ತದೆ. ಮೇಲ್ಮಣ್ಣು ಮುಟ್ಟಿ ನೋಡುವುದನ್ನು ನಂಬಬೇಡಿ. ಪೊರಕೆಯ ಹಿಡಿಕಡ್ಡಿ ಒಂದು ತೆಗೆದುಕೊಳ್ಳಿ. ಕಾಂಡದಿಂದ ಎರಡು ಬೆರಳು ದೂರದಲ್ಲಿ ಗೇಣುದ್ದ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿ ಒದ್ದೆಯಾಗಿ, ಮಣ್ಣು ಮೆತ್ತಿ ಬಂದರೆ ನೀರು ಇದೆ. ಒಣಗಿ ಬಂದರೆ ಇಲ್ಲ. ಒಳಗೆ ಹೋಗದೆ ಬಾಗಿ ನಿಂತರೆ, ಅದೇ ದೊಡ್ಡ ಸುಳಿವು. ಅಕ್ಕನ ಮನೆಯಲ್ಲಿ ಆಗಿದ್ದು ಅದೇ.

ಎಲ್ಲ ಕೆಂಪೂ ಕಾಯಿಲೆಯಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕೈದು ವರ್ಷದ ಗಿಡದಲ್ಲಿ ತೀರಾ ಕೆಳಗಿನ ಕೊಂಬೆ ವರ್ಷಕ್ಕೆ ಒಂದೋ ಎರಡೋ ಒಣಗುತ್ತದೆ. ಮೇಲ್ಗಡೆ ತಿಳಿಹಸಿರು ಚಿಗುರು ಬರುತ್ತಾ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಪಾಟಿನ ಗಿಡದಲ್ಲಿ ಆ ಜಾಗದಲ್ಲಿ ಮತ್ತೆ ಕೊಂಬೆ ಬರುತ್ತದೆ ಅಂತ ಕಾಯಲೂಬೇಡಿ.

ಕೆಳಗಿನಿಂದ ಕೆಂಪು, ಪಾಟ್ ಭಾರ

ಇದು ನಮ್ಮ ಮನೆಯ ಕಥೆ. ನಾನು ಪಾಟನ್ನು ಜಗಲಿಯ ಅಂಚಿನಲ್ಲಿ ಇಟ್ಟಿದ್ದೆ. ಚಂದ ಕಾಣಲಿ ಅಂತ. ಹಂಚಿನ ಮನೆ. ಪುನರ್ವಸು ಮಳೆ ಹಿಡಿದ ಮೇಲೆ ಸೂರಿನ ನೀರು ನೇರ ಪಾಟಿಗೇ ಬೀಳುತ್ತಿತ್ತು. ಅಂಗಳಕ್ಕೆ ಬೀಳುವ ಮಳೆಯೇ ಬೇರೆ, ಸೂರಿನ ನೀರೇ ಬೇರೆ. ಇಡೀ ಮಾಡಿನ ನೀರೆಲ್ಲ ಒಂದು ಗೆರೆಗೆ ಬಂದು ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಅಂತ ಓದುತ್ತೇವಲ್ಲ, ನನ್ನ ಪಾಟಿಗೆ ಅದಕ್ಕಿಂತ ಜಾಸ್ತಿ ಬಿದ್ದಿರಬೇಕು. ಕೆಳಗೆ ಪ್ಲೇಟು ಬೇರೆ. ಆಶ್ಲೇಷ ಮುಗಿಯುವವರೆಗೂ ಗಿಡ ಹಸಿರಾಗಿ ನಗುತ್ತಾ ಇತ್ತು. ಮಳೆ ಬಿಟ್ಟು ಬಿಸಿಲು ಬಿದ್ದ ಮೇಲೆ ಕೆಂಪು ಶುರು. ಬಿಸಿಲು ಜಾಸ್ತಿಯಾಯ್ತು ಅಂದುಕೊಂಡು ಇನ್ನಷ್ಟು ನೀರು ಹಾಕಿದೆ.

ಕೊನೆಗೆ ಪಾಟ್ ಬೋರಲು ಮಾಡಿ ಗಿಡ ಹೊರಗೆ ತೆಗೆದೆ. ಮೊದಲು ಬಂದದ್ದು ವಾಸನೆ, ಚರಂಡಿಯ ಕೆಸರು ಕೆದಕಿದ ಹಾಗೆ. ಬೇರು ಕಪ್ಪಾಗಿತ್ತು. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ದಾರದಂಥ ನಾರು ಮಾತ್ರ ಅಲ್ಲೇ ಉಳಿಯಿತು. ಹೀಗಾದರೆ ಅದು ಕೊಳೆ ಬೇರು. ಅನುಮಾನವೇ ಬೇಡ. ಒಳ್ಳೆಯ ಬೇರು ತಿಳಿಕಂದು ಇರುತ್ತದೆ, ತುದಿ ಬೆಳ್ಳಗೆ, ಎಳೆದರೆ ಸಿಪ್ಪೆ ಬಿಡುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಒಳ್ಳೆಯ ಬೇರಿನ ಮೇಲೆ ಸಾಸಿವೆಗಿಂತ ಸಣ್ಣ ಮಣಿಗಳು ಸಾಲಾಗಿ ಕಾಣಬಹುದು. ಬಾಳೆ, ಟೊಮೇಟೊ ಬೇರಿನ ಗಂಟು ರೋಗ ನೋಡಿದವರು ಜಂತುಹುಳು ಬಂತು ಅಂತ ಗಾಬರಿಯಾಗಿ ಔಷಧಿ ಸುರಿಯುತ್ತಾರೆ. ಆ ಮಣಿ ಈ ಗಿಡದ ಕುಟುಂಬಕ್ಕೇ ಇರುವ ಗುಣ. ಅದರೊಳಗೆ ಬೇರಿಗೆ ಸಹಾಯ ಮಾಡುವ ಶಿಲೀಂಧ್ರ ವಾಸ ಮಾಡುತ್ತದೆ. ಉಜ್ಜಿ ತೊಳೆಯಬೇಡಿ. ಗಂಟು ರೋಗದಲ್ಲಿ ಬೇರೇ ಊದಿ ಅಡ್ಡಾದಿಡ್ಡಿಯಾಗುತ್ತದೆ, ಹೀಗೆ ಅಂದವಾಗಿ ಪೋಣಿಸಿದ ಹಾಗೆ ಇರುವುದಿಲ್ಲ.

ಬೇರು ಕೊಳೆಸುವವರಲ್ಲಿ ಮುಖ್ಯ ಆರೋಪಿ ಫೈಟಾಫ್ತೊರಾ ಅನ್ನುವ, ಶಿಲೀಂಧ್ರದಂಥ ರೋಗಾಣು. ಹೆಸರು ಹೊಸದಾದರೂ ಮನೆತನ ನಮಗೆ ಹಳೇದು. ಅಡಿಕೆಗೆ ಕೊಳೆ ತರುವುದೂ ಅದೇ ಮನೆತನ, ಕಾಳುಮೆಣಸಿನ ಶೀಘ್ರ ಸೊರಗು ರೋಗವೂ ಅದರದ್ದೇ. ಜಾತಿ ಬೇರೆ ಬೇರೆ, ಅಷ್ಟೆ. ನಿಂತ ನೀರು ಇದ್ದರೆ ಅದರ ಬೀಜಕಣ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗುತ್ತದೆ.

ಹಾಗಾದರೆ ಬೋರ್ಡೋ ಹೊಡೆದರೆ ಸರಿ ಅಂತ ನಿಮಗೂ ಅನಿಸುತ್ತದೆ, ಅಲ್ವಾ? ನನಗೂ ಅನಿಸಿತ್ತು. ತೋಟಕ್ಕೆ ಕಲಸಿದ್ದರಲ್ಲಿ ಒಂದು ಚೊಂಬು ಉಳಿದಿತ್ತು. ಶೇಕಡಾ 1ರ ದ್ರಾವಣ, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರಿನ ಲೆಕ್ಕದ್ದು. ಅದನ್ನು ತಂದು ಬುಡಕ್ಕೆ ಹುಯ್ದೆ. ಏನೂ ಆಗಲಿಲ್ಲ. ಬೋರ್ಡೋ ಇರುವುದು ರೋಗ ಬರದ ಹಾಗೆ ತಡೆಯಲು, ಬಂದ ಮೇಲೆ ವಾಸಿ ಮಾಡಲು ಅಲ್ಲ. ಅಡಿಕೆಗೆ ಮಳೆ ಹಿಡಿಯುವ ಮುಂಚೆ ಹೊಡೆಯುವುದು ಅದಕ್ಕೇ ತಾನೆ? ತೋಟದಲ್ಲಿ ಗೊತ್ತಿದ್ದ ಮಾತು ಪಾಟಿನ ಮುಂದೆ ಮರೆತುಹೋಯಿತು.

ಬೇರಿನಲ್ಲಿ ಅರ್ಧಕ್ಕಿಂತ ಜಾಸ್ತಿ ತಿಳಿಕಂದಾಗಿ, ಗಟ್ಟಿಯಾಗಿ ಉಳಿದಿದ್ದರೆ ಮಾತ್ರ ಪ್ರಯತ್ನ ಮಾಡಿ. ಕಪ್ಪು ಬೇರನ್ನು ಚೊಕ್ಕ ಕತ್ತರಿಯಿಂದ ಕತ್ತರಿಸಿ. ಹಳೇ ಮಣ್ಣು ಉದುರಿಸಿ. ಉಳಿದ ಬೇರಿಗೆ ಹಿಡಿಸುವಷ್ಟೇ ಸಣ್ಣ ಪಾಟಿಗೆ ಹಾಕಿ. ಗಿಡಕ್ಕೆ ಆರಾಮ ಇರಲಿ ಅಂತ ದೊಡ್ಡ ಪಾಟ್ ಕೊಟ್ಟರೆ ಬೇರು ಇಲ್ಲದ ಕಡೆಯ ಮಣ್ಣು ಒದ್ದೆಯಾಗೇ ಉಳಿದು ಮತ್ತೆ ಕೊಳೆಸುತ್ತದೆ. ನಾನು ಈಗ ಹಾಕುವ ಮಿಶ್ರಣ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಹೊಳೆ ಮರಳು, ಒಂದು ಪಾಲು ಚೆನ್ನಾಗಿ ಕಳಿತ ದರಗಿನ (ಒಣ ಎಲೆಯ) ಗೊಬ್ಬರ. ಸ್ವಲ್ಪ ಹುಳಿ ಇರುವ ಮಣ್ಣು ಇದಕ್ಕೆ ಇಷ್ಟ, ನಮ್ಮ ಮಲೆನಾಡಿನ ಮಣ್ಣು ಹೇಗೂ ಹಾಗೇ ಇರುತ್ತದೆ. ಸುಣ್ಣ ಹತ್ತಿರ ತರಬೇಡಿ. ಮಳೆಗಾಲದಲ್ಲಿ ಪಾಟನ್ನು ಎರಡು ಇಟ್ಟಿಗೆ ಮೇಲೆ ಎತ್ತಿಡಿ, ಪ್ಲೇಟು ಅಟ್ಟಕ್ಕೆ ಹಾಕಿ. ಹೊರಗೆ ತೂತಿಲ್ಲದ ಚಂದದ ಪಾಟ್, ಒಳಗೆ ನರ್ಸರಿ ಪಾಟ್ ಇಟ್ಟಿದ್ದರೆ ಒಳಗಿನದ್ದನ್ನು ಎತ್ತಿ ತಳ ನೋಡಿ. ಅಲ್ಲಿ ಎರಡು ಬೆರಳು ನೀರು ನಿಂತಿರುವುದು ತುಂಬಾ ಮನೆಗಳಲ್ಲಿ ಕಂಡಿದ್ದೇನೆ.

ಕೆಳಗಿನಿಂದ ಕೆಂಪು, ಪಾಟ್ ಹಗುರ

ಅಕ್ಕನ ಮನೆಗೆ ಹೋದಾಗ ಮಾಡಿದ ಮೊದಲ ಕೆಲಸ ಪಾಟ್ ಎತ್ತಿದ್ದು. ಹತ್ತಿ ಮೂಟೆಯ ಹಾಗೆ ಮೇಲೆ ಬಂತು. "ಬೆಳಿಗ್ಗೆ ನೀರು ಹಾಕಿದ್ದೀನಿ ಕಣೋ, ಕೆಳಗಿಂದ ಹರಿದೂ ಹೋಯ್ತು" ಅಂದಳು. ಆಗ ಹತ್ತು ದಿನದ ನನ್ನ ಪಥ್ಯ ಮುರಿದು ಮತ್ತೆ ನೀರು ಶುರು ಮಾಡಿದ್ದಳು. ಹಿಡಿಕಡ್ಡಿ ಚುಚ್ಚಿದೆ. ಪಾಟಿನ ಅಂಚಲ್ಲಿ ಸಲೀಸಾಗಿ ಇಳಿಯಿತು. ಕಾಂಡದ ಹತ್ತಿರ ಇಳಿಯಲೇ ಇಲ್ಲ.

ಗಿಡ ಹೊರಗೆ ತೆಗೆದರೆ ಒಳಗೆ ಇಟ್ಟಿಗೆಯಂಥ ಕೆಂಪು ಉಂಡೆ. ನರ್ಸರಿ ಕವರಿನಲ್ಲಿದ್ದ ಜಿಗುಟು ಮಣ್ಣು ಅದು. ಅಕ್ಕ ಅದನ್ನು ಹಾಗೇ ಇಟ್ಟು ಸುತ್ತಲೂ ತೆಂಗಿನ ನಾರಿನ ಪುಡಿ ತುಂಬಿದ್ದಳು. ಬೇಸಿಗೆಯಲ್ಲಿ ಒಮ್ಮೆ ಆ ಉಂಡೆ ಒಣಗಿ ಗಟ್ಟಿಯಾಯಿತು. ಆಮೇಲೆ ಹಾಕಿದ ನೀರೆಲ್ಲ ಸುತ್ತಲಿನ ನಾರಿನಲ್ಲಿ ಇಳಿದು ತಳದಿಂದ ಹೊರಗೆ. ಬೇರೆಲ್ಲ ಇರುವುದು ಉಂಡೆಯೊಳಗೆ. ಉಗುರಲ್ಲಿ ಕೆರೆದೆ, ಧೂಳು ಉದುರಿತು. ಶಿವಮೊಗ್ಗದ ಏಪ್ರಿಲ್ ಬಿಸಿಲು, ಕೆಳಗೆ ಕಾದ ತಾರಸಿ. ಪಾಪ, ಗಿಡ ಅಷ್ಟು ದಿನ ತಡೆದದ್ದೇ ದೊಡ್ಡದು.

ಪರಿಹಾರ ಸುಲಭ. ಒಂದು ಬಕೆಟ್ ನೀರಲ್ಲಿ ಉಂಡೆ ಮುಳುಗಿಸಿಟ್ಟೆವು. ಗುಳುಗುಳು ಅಂತ ಗುಳ್ಳೆ ಬಂದವು. ಗುಳ್ಳೆ ನಿಲ್ಲಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಅಕ್ಕನ ಸ್ವೆಟರ್ ಕಡ್ಡಿಯಿಂದ ಉಂಡೆಗೆ ಏಳೆಂಟು ಕಡೆ ತೂತು ಮಾಡಿದೆವು. ಹೊರಗಿನ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ ಹೊಸ ಮಿಶ್ರಣ ಹಾಕಿದೆವು. ಬೇರನ್ನು ತೀರಾ ಕದಡಬೇಡಿ, ಈ ಗಿಡಕ್ಕೆ ಅದು ಆಗಿಬರುವುದಿಲ್ಲ. ಕೆಂಪಾದ ಎರಡು ಸುತ್ತು ಹೋಯಿತು. ಮೇಲಿನ ಮೂರು ಉಳಿಯಿತು.

ಕೆಂಪಾಗುವವರೆಗೆ ಕಾಯದೆ ಮಣ್ಣು ಬದಲಿಸುವುದಾದರೆ ಶಿವಮೊಗ್ಗ, ಭದ್ರಾವತಿ ಕಡೆ ಜೂನ್ ಮೊದಲ ಮಳೆ ಒಳ್ಳೆಯ ಸಮಯ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಮಾತ್ರ ಜೂನ್‌ನಲ್ಲಿ ಮುಟ್ಟಬೇಡಿ. ಗಾಯವಾದ ಬೇರು, ಮೇಲಿಂದ ಬಿಡದ ಮಳೆ, ಎರಡೂ ಸೇರಬಾರದು. ದೀಪಾವಳಿ ಕಳೆಯಲಿ.

ಒಂದೇ ಮಗ್ಗುಲು ಬಿಳಿಚಿದರೆ, ಕೊಂಬೆ ಜೋತುಬಿದ್ದರೆ

ಪಡುವಣ ಮಗ್ಗುಲಿನ ಎಲೆ ಮಾತ್ರ ಬಿಳಿಚಿ, ಆಮೇಲೆ ಹುಲ್ಲಿನ ಬಣ್ಣಕ್ಕೆ ತಿರುಗಿದರೆ ಅದು ಬಿಸಿಲ ಸುಡು. ನರ್ಸರಿಯ ಹಸಿರು ನೆಟ್ ಕೆಳಗೆ ಇದ್ದ ಗಿಡವನ್ನು ತಂದ ದಿನವೇ ಬಯಲಿಗೆ ಇಟ್ಟರೆ ಹೀಗೆ. ಎರಡು ಮೂರು ವಾರ ಬೆಳಗಿನ ಬಿಸಿಲು ಮಾತ್ರ ತೋರಿಸಿ ರೂಢಿ ಮಾಡಿ. ಉಲ್ಟಾ, ಹಾಲಿನ ಮೂಲೆಯಲ್ಲಿ ಟೀವಿ ಪಕ್ಕ ಇಟ್ಟ ಗಿಡದ ಕೊಂಬೆ ಜೋಲುತ್ತದೆ, ಸುತ್ತಿನ ನಡುವಿನ ಅಂತರ ಉದ್ದವಾಗುತ್ತದೆ. ಅದಕ್ಕೆ ಬೇಕಾದದ್ದು ಬೆಳಕು, ಟಾನಿಕ್ ಅಲ್ಲ. ಜೋತ ಕೊಂಬೆ ಮತ್ತೆ ಏಳುವುದಿಲ್ಲ, ಹೊಸದಾಗಿ ಬರುವ ಸುತ್ತು ಸರಿ ಬರುತ್ತದೆ. ಡಿಸೆಂಬರಿನಲ್ಲಿ ಭಾರದ ಅಲಂಕಾರ ತೂಗುಹಾಕಿದರೂ ಕೊಂಬೆ ಹೀಗೇ ಜಗ್ಗುತ್ತದೆ.

ತುದಿ ಹೋದರೆ, ಅಡ್ಡ ಬೆಳೆದರೆ

ಕೆಲವರು ಕೇಳುತ್ತಾರೆ, ನಮ್ಮ ಗಿಡ ಎರಡು ವರ್ಷದಿಂದ ಮೇಲಕ್ಕೇ ಹೋಗ್ತಿಲ್ಲ, ನೆಲ ನೋಡಿಕೊಂಡು ಬೆಳೀತಿದೆ, ಕೋಲು ಕಟ್ಟಿದರೂ ಅಷ್ಟೇ ಅಂತ. ಇದಕ್ಕೆ ಮದ್ದಿಲ್ಲ. ಆ ಗಿಡವನ್ನು ಪಕ್ಕದ ಕೊಂಬೆ ಕತ್ತರಿಸಿ ನೆಟ್ಟು ಮಾಡಿರುತ್ತಾರೆ. ಅರಕೇರಿಯಾದ ಪಕ್ಕದ ಕೊಂಬೆಗೆ ತಾನು ಕೊಂಬೆ ಅನ್ನುವುದು ಮರೆಯುವುದೇ ಇಲ್ಲ. ಬೇರು ಬಿಟ್ಟು ಸ್ವಂತ ಗಿಡವಾದರೂ ಜೀವನಪೂರ್ತಿ ಅಡ್ಡಡ್ಡಲೇ ಬೆಳೆಯುತ್ತದೆ. ನೆಟ್ಟಗೆ ಬೆಳೆಯುವ ಗಿಡ ಬೇಕಾದರೆ ಬೀಜದಿಂದ ಆಗಬೇಕು, ಇಲ್ಲವೇ ನಡುಕಾಂಡದ ತುದಿಯಿಂದ. ಕೊಳ್ಳುವಾಗ ಮೇಲಿಂದ ನೋಡಿ. ಸುತ್ತಲೂ ಸಮನಾಗಿ ಕೊಂಬೆ ಇದ್ದು ನಡುವೆ ಸುಳಿ ಇರಬೇಕು. ಬೀಸಣಿಗೆಯ ಹಾಗೆ ಎರಡೇ ಕಡೆ ಹರಡಿದ್ದರೆ ಬಿಟ್ಟುಬನ್ನಿ.

ನೆಟ್ಟಗಿದ್ದ ಗಿಡದ ಸುಳಿ ಮಂಗ ಮುರಿದರೆ ಅಷ್ಟು ಬೇಸರ ಬೇಡ. ನಮ್ಮ ಕಡೆ ಮಂಗ ಮುರಿಯದ ಗಿಡ ಯಾವುದು ಹೇಳಿ. ಕೆಲವು ತಿಂಗಳಲ್ಲಿ ಮುರಿದ ಜಾಗದ ಕೆಳಗೆ ಕಾಂಡದಿಂದಲೇ ಒಂದೆರಡು ಹೊಸ ಸುಳಿ ಏಳುತ್ತವೆ. ಗಟ್ಟಿ ಇದ್ದದ್ದೊಂದು ಬಿಟ್ಟು ಉಳಿದದ್ದು ತೆಗೆಯಿರಿ. ಮೊದಲಿನ ಅಂದ ಬರುವುದಿಲ್ಲ, ಎತ್ತರ ಬರುತ್ತದೆ. ಅಷ್ಟರೊಳಗೆ ಪಕ್ಕದ ಕೊಂಬೆಯನ್ನು ಎತ್ತಿ ಕಟ್ಟಿ ಸುಳಿ ಮಾಡಲು ಹೋಗಬೇಡಿ.

ವಾಲಿದರೆ ಮೊಬೈಲ್‌ನಲ್ಲಿ ದಿಕ್ಕು ನೋಡಿ

ಪಾಟಿನ ಗಿಡ ಕಿಟಕಿ ಕಡೆ ವಾಲಿದರೆ ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ. ಮುಗಿಯಿತು. ನೆಲಕ್ಕೆ ಹಾಕಿದ ಮರ ಮಳೆಗಾಲದ ನಂತರ ಮೂಡಣಕ್ಕೆ ವಾಲಿದರೆ ಬುಡ ನೋಡಿ. ಪಡುವಣದ ಕಡೆ ಮಣ್ಣು ಬಿರುಕು ಬಿಟ್ಟಿದ್ದರೆ ಗಾಳಿಗೆ ಬೇರು ಸಡಿಲವಾಗಿದೆ ಅಂತ ಅರ್ಥ, ಅದು ನಿಜವಾದ ಅಪಾಯ. ತಕ್ಷಣ ಆಧಾರ ಕೊಡಿ.

ಆದರೆ ಬುಡ ಗಟ್ಟಿ ಇದ್ದು, ಇಡೀ ಮರ ತೆಂಕಣಕ್ಕೆ ವಾಲಿದ್ದರೆ ಅದು ದೋಷವೇ ಅಲ್ಲ. ಕುಕ್ ಪೈನಿನ ಹುಟ್ಟುಗುಣ ಅದು. 2017ರಲ್ಲಿ ವಿಜ್ಞಾನಿಗಳು ಐದು ಖಂಡಗಳಲ್ಲಿ 256 ಮರ ಅಳೆದು ನೋಡಿದರು. ಸರಾಸರಿ ಎಂಟೂವರೆ ಡಿಗ್ರಿ ವಾಲಿದ್ದವು, ಅದೂ ಭೂಮಧ್ಯರೇಖೆಯ ಕಡೆಗೆ. ಉತ್ತರ ಗೋಳದ ಮರ ದಕ್ಷಿಣಕ್ಕೆ, ದಕ್ಷಿಣ ಗೋಳದ್ದು ಉತ್ತರಕ್ಕೆ. ಶಿವಮೊಗ್ಗ ಇರುವುದು ಭೂಮಧ್ಯರೇಖೆಯಿಂದ ಸುಮಾರು 14 ಡಿಗ್ರಿ ಉತ್ತರದಲ್ಲಿ, ಹಾಗಾಗಿ ನಮ್ಮದು ದಕ್ಷಿಣಕ್ಕೆ. ನಮ್ಮ ಪಕ್ಕದ ಮನೆಯ ಭಾವ ತಮ್ಮ ಮರವನ್ನು ಮೂರು ವರ್ಷ ಹಗ್ಗ ಹಾಕಿ ಬಡಗಣಕ್ಕೆ ಎಳೆದರು. ಹಗ್ಗ ಕಾಂಡದೊಳಗೆ ಕೂತು ಗಾಯವಾಯಿತೇ ವಿನಾ ಮರ ಮಾತು ಕೇಳಲಿಲ್ಲ. ಹಾಂ, ನೆಲಕ್ಕೆ ಹಾಕುವವರು ಮನೆ, ಕರೆಂಟ್ ತಂತಿಯಿಂದ ದೂರ ಹಾಕಿ. ತನ್ನ ಊರಲ್ಲಿ 60 ಮೀಟರ್ ಹೋಗುವ ಮರ ಇದು.

ಹುಳ, ಗೊಬ್ಬರ

ಕೊಂಬೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಮುದ್ದೆ, ಕಾಂಡದ ಮೇಲೆ ಇರುವೆ ಸಾಲು ಕಂಡರೆ ಹಿಟ್ಟು ತಿಗಣೆ. ಚಗಳಿ (ಮರದ ಕೆಂಪಿರುವೆ) ಇದ್ದರೆ ಇನ್ನೂ ಗ್ಯಾರಂಟಿ, ತಿಗಣೆಯ ಸಿಹಿ ಅಂಟಿಗೆ ಅವು ಕಾವಲು ಕೂರುತ್ತವೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪು, ಸಂಜೆ ಹೊತ್ತು, ವಾರಕ್ಕೊಮ್ಮೆ ಮೂರು ಸಲ. ಬೇಸಿಗೆಯಲ್ಲಿ ಎಲೆ ಮಂಕಾಗಿ, ನಡುವೆ ಸಣ್ಣ ಜೇಡರ ಬಲೆ ಕಂಡರೆ ನುಸಿ. ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ಚೆನ್ನಾಗಿ ತೊಳೆದರೆ ಅರ್ಧ ಕಮ್ಮಿಯಾಗುತ್ತದೆ.

ಎಲ್ಲ ಸುತ್ತಿನ ಕೊಂಬೆಗಳ ತುದಿ ಮಾತ್ರ ಸುಟ್ಟಿದ್ದು, ಪಾಟಿನ ಅಂಚಲ್ಲಿ ಬಿಳಿ ಪುಡಿ ಕೂತಿದ್ದರೆ ಗೊಬ್ಬರ ಜಾಸ್ತಿಯಾಗಿದೆ. ಅಡಿಕೆಗೆ ಹಾಕಿದ ಕೈಯಲ್ಲೇ ಒಂದು ಮುಷ್ಟಿ ಯೂರಿಯಾ ಎಸೆದವರ ಗಿಡ ಹೀಗೇ ಇರುತ್ತದೆ. ಮೂರು ನಾಲ್ಕು ಬಕೆಟ್ ನೀರು ಹರಿಸಿ ತೊಳೆಯಿರಿ.

ಬದುಕಿದೆಯಾ, ಹೋಯ್ತಾ?

ಕಾಂಡದ ಮೇಲ್ಗಡೆ ಉಗುರಿನಿಂದ ಒಂದು ಚೂರು ಗೀರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಕಂದು ಇದ್ದರೆ ಒಂದು ಗೇಣು ಕೆಳಗೆ ಗೀರಿ. ಹೀಗೆ ಬುಡದವರೆಗೂ ಕಂದು ಬಂದರೆ ಮುಗಿಯಿತು, ಉಳಿದ ಹಸಿರು ಎಲೆ ನೋಡಿ ಆಸೆ ಇಟ್ಟುಕೊಳ್ಳಬೇಡಿ.

ಕೊಳೆತು ಸತ್ತಿದ್ದರೆ ಆ ಮಣ್ಣನ್ನು ತೋಟಕ್ಕೋ ಮೆಣಸಿನ ಬಳ್ಳಿ ಬುಡಕ್ಕೋ ಎಸೆಯಬೇಡಿ. ನಾನು ಅದನ್ನು ಗೋಣಿಯಲ್ಲಿ ಕಟ್ಟಿ ಮಾರ್ಚ್‌ವರೆಗೆ ಇಟ್ಟೆ. ಆಮೇಲೆ ಅಡಿಕೆ ಒಣಗಿಸಿದ ಅಂಗಳದ ಒಂದು ಮೂಲೆಯಲ್ಲಿ ತೆಳ್ಳಗೆ ಹರಡಿ, ನೀರು ಚಿಮುಕಿಸಿ, ತೆಳು ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲು ಹೇರಿ ಆರು ವಾರ ಬಿಸಿಲಿಗೆ ಬಿಟ್ಟೆ. ಈಗ ಆ ಮಣ್ಣಲ್ಲಿ ಡೇರೆ ಗೆಡ್ಡೆ ಹಾಕಿದ್ದೇವೆ. ಪಾಟ್ ಮಾತ್ರ ಸೂರಿನಿಂದ ನಾಲ್ಕು ಅಡಿ ಒಳಗೆ ಇದೆ.